ಸಮೀಪದ ಓಡಾಟಕ್ಕೆ ಸೈಕಲ್ಲು: ರೈತರಿಗೊಂದು ಲೆಕ್ಕ



ಬೆಳಿಗ್ಗೆ ಆರೂವರೆಯ ಹೊತ್ತಿಗೆ ನಮ್ಮ ಯಾವ ಊರಿನ ಹಾಲಿನ ಡೈರಿಯ ಮುಂದೆ ನಿಂತು ನೋಡಿದರೂ ನೋಟ ಒಂದೇ. ಕೋಟದ ಬಯಲಿನಲ್ಲಾಗಲಿ, ವಂಡ್ಸೆಯ ಕಡೆಯಲ್ಲಾಗಲಿ, ಉಪ್ಪುಂದದಲ್ಲಾಗಲಿ, ಗೋಡೆಯ ಉದ್ದಕ್ಕೂ ಬೈಕು ಸ್ಕೂಟರುಗಳು ಸಾಲಾಗಿ ನಿಂತಿರುತ್ತವೆ. ಒಂದೊಂದಕ್ಕೂ ಒಂದು ಕ್ಯಾನು ತೂಗುತ್ತಿರುತ್ತದೆ. ಕ್ಯಾನಿನೊಳಗೆ ಹಾಲು ಮೂರೋ ನಾಲ್ಕೋ ಲೀಟರು. ಬಂದ ದಾರಿ ಒಂದೋ ಎರಡೋ ಕಿಲೋಮೀಟರು. ನಾಲ್ಕು ಕಿಲೋ ತೂಕದ ಹಾಲನ್ನು ಅಷ್ಟು ಹತ್ತಿರಕ್ಕೆ ಮುಟ್ಟಿಸಲು ಒಂದು ಕ್ವಿಂಟಾಲಿಗೂ ಹೆಚ್ಚು ಭಾರದ ಯಂತ್ರವನ್ನು, ಅದೂ ಪೆಟ್ರೋಲು ಸುಟ್ಟು, ದಿನಕ್ಕೆರಡು ಸಲ ಓಡಿಸುತ್ತಿದ್ದೇವೆ. ಇದರಿಂದ ಮನೆಗೆ ಎಷ್ಟು ಖರ್ಚು ಬೀಳುತ್ತದೆ ಎಂಬುದನ್ನು ಯಾರೂ ಕೂತು ಲೆಕ್ಕ ಹಾಕಿದ್ದು ನಾನು ಕಾಣೆ. ಹಿಂಡಿಯ ಮೂಟೆಗೆ ಐವತ್ತು ರೂಪಾಯಿ ಏರಿದರೆ ಡೈರಿಯ ಅಂಗಳದಲ್ಲಿ ವಾರಗಟ್ಟಲೆ ಅದೇ ಮಾತು. ಗಾಡಿಯ ಟಾಂಕಿಗೆ ಹೋಗುವ ದುಡ್ಡಿನ ಸುದ್ದಿಯೇ ಇಲ್ಲ.

ಮೋಟಾರು ವಾಹನ ಬೇಡವೇ ಬೇಡ ಎಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ, ಕೊಲ್ಲೂರಿನಿಂದಲೋ ಶಂಕರನಾರಾಯಣದಿಂದಲೋ ಕುಂದಾಪುರದ ಕಚೇರಿಗೆ ಹೋಗಿ ಮಧ್ಯಾಹ್ನದೊಳಗೆ ಹಿಂದಿರುಗಬೇಕಾದರೆ, ಗಾಡಿ ಇಲ್ಲದೆ ಆಗದು. ನಾನು ಹೇಳತಕ್ಕದ್ದು ಇಷ್ಟೇ: ದೂರಕ್ಕೆ ಮೋಟಾರು ಇರಲಿ, ಮೂರು ನಾಲ್ಕು ಕಿಲೋಮೀಟರೊಳಗಿನ ಓಡಾಟಕ್ಕೆ ಸೈಕಲ್ಲು ಸಾಕು. ಹಣ ಸೋರಿಹೋಗುತ್ತಿರುವುದು ದೂರದ ಪಯಣದಿಂದಲ್ಲ, ಈ ಹತ್ತಿರದ ಓಡಾಟದಿಂದ.

ಇದು ನನಗೆ ಮೊದಲೇ ತಿಳಿದಿತ್ತೆಂದು ಭಾವಿಸಬೇಡಿ. ಕೆಲಸ ಸಿಕ್ಕಿದ ಮೊದಲ ವರ್ಷವೇ ಕಂತಿನ ಮೇಲೆ ಬೈಕು ಕೊಂಡವರಲ್ಲಿ ನಾನೂ ಒಬ್ಬ. ಹಳ್ಳಿ ತಿರುಗುವವನಿಗೆ ಬೈಕಿಲ್ಲದೆ ಹೇಗೆ ಎಂಬ ವಾದ ನನ್ನಲ್ಲಿ ಸಿದ್ಧವಾಗಿತ್ತು. ತಿಂಗಳ ಕೊನೆಗೆ ಕೈ ಬರಿದಾಗತೊಡಗಿದಾಗ ಒಂದು ತಿಂಗಳು ಸಣ್ಣ ಪುಸ್ತಕದಲ್ಲಿ ಎಲ್ಲಿಂದ ಎಲ್ಲಿಗೆ, ಎಷ್ಟು ದೂರ, ಯಾತಕ್ಕೆ ಎಂದು ಬರೆದಿಟ್ಟೆ. ಕೆಲಸದ ದೂರದ ಓಡಾಟ ವಾರಕ್ಕೆ ಮೂರು ನಾಲ್ಕು ಸಲ ಮಾತ್ರ. ಉಳಿದುದೆಲ್ಲ ಅಂಗಡಿಗೆ, ಹೋಟೆಲಿಗೆ, ಗೆಳೆಯನ ಮನೆಗೆ, ಕ್ಷೌರಕ್ಕೆ, ಒಮ್ಮೆ ಮರೆತು ಬಂದ ಕೊಡೆಯನ್ನು ತರಲಿಕ್ಕೆ! ಒಂದು ತಿಂಗಳ ಆ ಪುಟಗಳನ್ನು ನೋಡಿ ನನಗೇ ನಾಚಿಕೆಯಾಯಿತು. ಆ ಮೇಲೆ ಹಳೆಯ ಸೈಕಲ್ಲೊಂದನ್ನು ಸರಿಮಾಡಿಸಿಕೊಂಡೆ. ಬೈಕು ಈಗಲೂ ಇದೆ, ಆದರೆ ಅದು ಜಗಲಿಯ ಬದಿಯಲ್ಲಿ ನಿಂತಿರುವ ದಿನಗಳೇ ಹೆಚ್ಚು.

ಡೈರಿಯ ದಾರಿಯ ಲೆಕ್ಕ

ಒಂದು ಮಾದರಿ ಮನೆಯನ್ನು ತೆಗೆದುಕೊಳ್ಳೋಣ. ಹಟ್ಟಿಯಲ್ಲಿ ಕರೆಯುವ ದನ ಒಂದು. ಬೆಳಿಗ್ಗೆ ನಾಲ್ಕು, ಸಂಜೆ ಮೂರು, ಒಟ್ಟು ಏಳು ಲೀಟರು ಹಾಲು ಡೈರಿಗೆ ಹೋಗುತ್ತದೆ. ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ ದಿನಕ್ಕೆ 245 ರೂಪಾಯಿ. ಹಿಂಡಿ, ಹುಲ್ಲು, ಮದ್ದು ಎಲ್ಲ ಕಳೆದು ಮೂರರಲ್ಲೊಂದು ಪಾಲು ಕೈಯಲ್ಲಿ ಉಳಿಯಿತೆನ್ನಿ, ಅಂದರೆ ಸುಮಾರು 80 ರೂಪಾಯಿ. ಹಾಲು ಕರೆದ, ಸೆಗಣಿ ಬಾಚಿದ, ಹುಲ್ಲು ಹೆರೆದ ಮನೆಯ ಹೆಂಗಸರ ದುಡಿಮೆಯ ಕೂಲಿಯೂ ಇದರಲ್ಲೇ ಬರಬೇಕು.

ಮನೆಯಿಂದ ಡೈರಿಗೆ ಎರಡು ಕಿಲೋಮೀಟರು. ಹೋಗಿ ಬರಲು ನಾಲ್ಕು. ಎರಡು ಹೊತ್ತಿಗೆ ಎಂಟು. ಪೆಟ್ರೋಲಿನ ಬೆಲೆ 2021ರ ಜೂನಿನಲ್ಲಿ ನಮ್ಮ ರಾಜ್ಯದಲ್ಲಿ ಲೀಟರಿಗೆ ನೂರು ರೂಪಾಯಿ ದಾಟಿತು, ಅಲ್ಲಿಂದೀಚೆಗೆ ಅದರ ಆಸುಪಾಸಿನಲ್ಲೇ ಇದೆ. ಲೆಕ್ಕಕ್ಕೆ ಸುಲಭವಾಗಲೆಂದು ನೂರು ಎಂದೇ ಹಿಡಿಯೋಣ. ಕೊಳ್ಳುವಾಗ ಅಂಗಡಿಯವರು ಲೀಟರಿಗೆ ಅರವತ್ತು ಓಡುತ್ತದೆ ಎಂದಿರಬಹುದು. ಅದು ಹೆದ್ದಾರಿಯಲ್ಲಿ ಒಂದೇ ಸಮನೆ ಹೋದರೆ ಸಿಗುವ ಲೆಕ್ಕ. ತಣ್ಣಗಿರುವ ಯಂತ್ರವನ್ನು ಎಬ್ಬಿಸಿ, ಓಣಿಯಲ್ಲಿ ಮೊದಲ ಗೇರು ಎರಡನೇ ಗೇರಿನಲ್ಲಿ ಏರಿ ಇಳಿದು, ಯಂತ್ರ ಬಿಸಿಯಾಗುವಷ್ಟರಲ್ಲಿ ಡೈರಿ ಮುಟ್ಟಿ ನಿಲ್ಲಿಸಿದರೆ ನಲವತ್ತು ಸಿಕ್ಕಿದರೆ ಹೆಚ್ಚು. ಎಂಟು ಕಿಲೋಮೀಟರಿಗೆ ಲೀಟರಿನ ಐದರಲ್ಲೊಂದು ಪಾಲು, ಅಂದರೆ 20 ರೂಪಾಯಿ. ಕೈಯಲ್ಲುಳಿದ ಎಂಬತ್ತರಲ್ಲಿ ಇಪ್ಪತ್ತು! ಹಾಲಿನ ಲಾಭದ ಕಾಲಂಶವನ್ನು ಗಾಡಿಯೇ ಕುಡಿದುಬಿಟ್ಟಿತು. ಸಂಜೆ ಕರು ಕುಡಿಯುವ ಹಾಲಿಗೆ ಕಣ್ಣಿಟ್ಟು ಬೇಗನೆ ಬಿಡಿಸಿ ಕಟ್ಟುವ ನಾವು, ಗಾಡಿ ಕುಡಿಯುವುದನ್ನು ಕಂಡೂ ಕಾಣದಂತೆ ಇರುತ್ತೇವೆ.

ಡೈರಿಯ ಓಡಾಟವಲ್ಲದೆ ಅಂಗಡಿ, ಪಡಿತರ, ಗದ್ದೆಯ ನೀರು ನೋಡುವುದು, ದೇವಸ್ಥಾನ ಎಂದು ದಿನಕ್ಕೆ ಇನ್ನು ನಾಲ್ಕು ಕಿಲೋಮೀಟರು ಸೇರಿಸೋಣ. ಆಗ ದಿನಕ್ಕೆ ಹನ್ನೆರಡು ಕಿಲೋಮೀಟರು, 30 ರೂಪಾಯಿ ಪೆಟ್ರೋಲು. ತಿಂಗಳಿಗೆ 900, ವರ್ಷಕ್ಕೆ 10,800 ರೂಪಾಯಿ. ವರ್ಷದಲ್ಲಿ ಗಾಡಿ ಓಡಿದ್ದು 4,320 ಕಿಲೋಮೀಟರು. ಎಂಜಿನ್ ಆಯಿಲು, ಸರ್ವೀಸು, ಟೈರು, ಬ್ರೇಕು ಎಲ್ಲ ಸೇರಿ ಕಿಲೋಮೀಟರಿಗೆ ಐವತ್ತೇ ಪೈಸೆ ಎಂದು ಹಿಡಿದರೂ 2,160 ರೂಪಾಯಿ. ಒಟ್ಟು 12,960. ವಿಮೆಯ ಹಣವನ್ನು ನಾನು ಇಲ್ಲಿ ಸೇರಿಸಿಲ್ಲ. ಗಾಡಿ ಓಡಲಿ ಬಿಡಲಿ, ಮನೆಯಲ್ಲಿ ಇದ್ದ ಮೇಲೆ ವಿಮೆ ಕಟ್ಟಲೇಬೇಕು.

ಈಗ ಸೈಕಲ್ಲಿನ ಬದಿ ನೋಡಿ. ಕ್ಯಾರಿಯರು, ಸ್ಟ್ಯಾಂಡು, ಬೆಲ್ಲು ಇರುವ ಸಾದಾ ಗಟ್ಟಿ ಸೈಕಲ್ಲಿಗೆ 6,500 ರೂಪಾಯಿ ಇಟ್ಟುಕೊಳ್ಳೋಣ. ಸೈಕಲ್ಲಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರಿನಲ್ಲಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ, ಆದುದರಿಂದ ಕೊಳ್ಳುವಾಗ ರಶೀದಿ ಕೇಳಿ ತೆಗೆದುಕೊಳ್ಳತಕ್ಕದ್ದು. ಟ್ಯೂಬು, ಬ್ರೇಕ್ ರಬ್ಬರು, ಎಣ್ಣೆ, ಆಗಾಗ ಒಂದು ಟೈರು, ವರ್ಷಕ್ಕೆ 1,000 ರೂಪಾಯಿ. ಲೈಸೆನ್ಸು, ರಿಜಿಸ್ಟ್ರೇಶನ್ನು, ವಿಮೆ ಯಾವುದೂ ಇಲ್ಲ. (ಪಂಚಾಯತಿ, ಮುನಿಸಿಪಾಲಿಟಿಗಳು ಸೈಕಲ್ಲಿಗೂ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದ ಕಾಲವೊಂದಿತ್ತು. ಹಿರಿಯರನ್ನು ಕೇಳಿದರೆ ನಗುತ್ತ ಹೇಳುತ್ತಾರೆ.)

ಹನ್ನೆರಡು ತಿಂಗಳೂ ಸೈಕಲ್ಲೇ ತುಳಿಯುತ್ತೀರೆಂದು ನಾನು ನಂಬುವುದಿಲ್ಲ. ಆಟಿಯ ಮಳೆ ಇದೆ, ನೆಂಟರಿಷ್ಟರ ಮನೆಯ ಸಮಾರಂಭ ಇದೆ, ಮೈ ಸರಿಯಿಲ್ಲದ ದಿನಗಳಿವೆ. ವರ್ಷದಲ್ಲಿ ಎಂಟು ತಿಂಗಳು ಮಾತ್ರ ಎಂದು ಹಿಡಿಯಿರಿ. 12,960ರಲ್ಲಿ ಎಂಟು ತಿಂಗಳ ಪಾಲು 8,640. ಸೈಕಲ್ಲಿನ ಖರ್ಚು ಸಾವಿರ ಕಳೆದರೆ 7,640 ರೂಪಾಯಿ ವರ್ಷಕ್ಕೆ ಉಳಿತಾಯ. ಮೊದಲ ವರ್ಷ ಸೈಕಲ್ಲಿನ ಬೆಲೆಯೂ ಅದರಲ್ಲೇ ತೀರಿ 1,140 ರೂಪಾಯಿ ಮಿಗುತ್ತದೆ. ಮನೆಯಲ್ಲಿ ಹಳೆಯ ಸೈಕಲ್ಲಿದ್ದರಂತೂ ಮೊದಲ ವರ್ಷದಿಂದಲೇ ಪೂರ್ತಿ ಲಾಭ. ಈ ಹಳೆಯ ಸೈಕಲ್ಲು ಅನೇಕ ಮನೆಗಳಲ್ಲಿ ಇದೆ ಎಂಬುದು ಮುಖ್ಯ. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಸರಕಾರ 2006-07ರಲ್ಲಿ ಪ್ರಾರಂಭಿಸಿ ಹಲವು ವರ್ಷ ನಡೆಸಿತು. ಆ ಸೈಕಲ್ಲುಗಳು ಎಷ್ಟೋ ಮನೆಗಳ ಹಟ್ಟಿಯ ಅಟ್ಟದ ಕೆಳಗೆ, ಸೌದೆಯ ರಾಶಿಯ ಹಿಂದೆ ತುಕ್ಕು ಹಿಡಿಯುತ್ತಾ ನಿಂತಿವೆ. ಕೋಳಿ ಕೂರುವ ಮೆಟ್ಟಿಲಾದುದನ್ನೂ ನಾನು ನೋಡಿದ್ದೇನೆ. ಹೊಸ ಟೈರು ಟ್ಯೂಬು, ಒಂದು ಚೈನು ಹಾಕಿಸಿದರೆ ಅವುಗಳಲ್ಲಿ ಹೆಚ್ಚಿನವು ಇನ್ನೂ ಹತ್ತು ವರ್ಷ ಓಡುವಂಥವು.

ಉಳಿದ ದುಡ್ಡು ಕಣ್ಣಿಗೆ ಕಾಣದಿದ್ದರೆ ಉಳಿದೂ ಉಳಿಯದಂತೆಯೇ. ಈ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕು ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕೊಟ್ಟರೂ ತೆಗೆದುಕೊಂಡು ಹೋಗುತ್ತಿದ್ದರು. ನೇಕಾರರು, ಕೂಲಿಯವರು, ಸಣ್ಣ ರೈತರು ಹಾಗೆ ಕೂಡಿಟ್ಟರು. ಆ ಬ್ಯಾಂಕು 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ದಿನದ ದುಡ್ಡನ್ನು ದಿನವೇ ತೆಗೆದಿಡುವ ಆ ಪದ್ಧತಿ ಅಳಿಯಬೇಕಾಗಿಲ್ಲ. ಸೈಕಲ್ಲಿನಲ್ಲಿ ಡೈರಿಗೆ ಹೋಗಿ ಬಂದ ದಿನ ಇಪ್ಪತ್ತು ರೂಪಾಯಿಯನ್ನು ಒಂದು ಡಬ್ಬಿಗೆ ಹಾಕಿ, ತಿಂಗಳಿಗೊಮ್ಮೆ ಸಹಕಾರಿ ಸಂಘದ ಖಾತೆಗೆ ಕಟ್ಟಿ. ಡಬ್ಬಿಯ ಬೀಗದ ಕೈ ಹಾಲು ಕರೆಯುವವರ ಹತ್ತಿರ ಇರುವುದು ನ್ಯಾಯ.

ಎರಡನೇ ಗಾಡಿಯ ಕಂತು

ಪೆಟ್ರೋಲಿಗಿಂತ ದೊಡ್ಡ ಮಾತು ಇನ್ನೊಂದಿದೆ. ಈಗ ಅನೇಕ ಮನೆಗಳಲ್ಲಿ ಒಂದು ಗಾಡಿ ಇದ್ದೇ ಇದೆ. ತಂದೆ ಅದನ್ನು ತೆಗೆದುಕೊಂಡು ಹೋದರೆ ಡೈರಿಗೆ ಹೇಗೆ, ಅಂಗಡಿಗೆ ಹೇಗೆ ಎಂದು ಎರಡನೆಯ ಗಾಡಿಯ ಮಾತು ಏಳುತ್ತದೆ. ಬೆಲೆ ಲಕ್ಷದ ಆಸುಪಾಸು. ಇಪ್ಪತ್ತು ಸಾವಿರ ಕೈಯಿಂದ ಕೊಟ್ಟು, 80,000 ಸಾಲ, ಮೂರು ವರ್ಷದ ಕಂತು ಎನ್ನೋಣ. ಬಡ್ಡಿ ನೂರಕ್ಕೆ ಹತ್ತು, 'ಫ್ಲ್ಯಾಟ್' ಎನ್ನುತ್ತಾರೆ. ಈ ಮಾತನ್ನು ಕಿವಿಗೊಟ್ಟು ಕೇಳಬೇಕು. ನೀವು ತಿಂಗಳು ತಿಂಗಳು ಅಸಲು ತೀರಿಸುತ್ತ ಬಂದರೂ ಬಡ್ಡಿ ಮಾತ್ರ ಮೂರು ವರ್ಷವೂ ಪೂರ್ತಿ ಎಂಬತ್ತು ಸಾವಿರದ ಮೇಲೆಯೇ ಎಂದು ಅದರರ್ಥ. ವರ್ಷಕ್ಕೆ ಎಂಟು ಸಾವಿರದಂತೆ ಬಡ್ಡಿ 24,000. ಒಟ್ಟು 1,04,000 ರೂಪಾಯಿಯನ್ನು 36 ಕಂತಿಗೆ ಹಂಚಿದರೆ ತಿಂಗಳಿಗೆ ಸುಮಾರು 2,890. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ಸಾಲದ ರೀತಿಯಲ್ಲಿ ನೋಡಿದರೆ ಇದು ನೂರಕ್ಕೆ ಹತ್ತಲ್ಲ, ಹತ್ತಿರ ಹತ್ತಿರ ಹದಿನೆಂಟು!

ಇನ್ನೊಂದು ಬದಿಯಲ್ಲಿ, ಸಹಕಾರಿ ಸಂಘದ ಬೆಳೆ ಸಾಲವನ್ನು ಗಡುವಿನೊಳಗೆ ತೀರಿಸುವ ರೈತನಿಗೆ ಬಡ್ಡಿಯೇ ಇಲ್ಲ. ಮೂರು ಲಕ್ಷದವರೆಗಿದ್ದ ಆ ಮಿತಿಯನ್ನು ರಾಜ್ಯ ಸರಕಾರ 2023-24ರ ಮುಂಗಡಪತ್ರದಲ್ಲಿ ಐದು ಲಕ್ಷಕ್ಕೆ ಏರಿಸಿತು. ಭತ್ತ ಬೆಳೆಯಲು ಬಡ್ಡಿಯಿಲ್ಲದ ಹಣ, ಡೈರಿಗೆ ಹೋಗಲು ಹದಿನೆಂಟರ ಹಣ! ಇದಕ್ಕಿಂತ ಕೆಟ್ಟದ್ದನ್ನೂ ನಾನು ಕಂಡಿದ್ದೇನೆ. ಗಾಡಿಯ ಕಂತು ತಪ್ಪಿತೆಂದು ಬೆಳೆ ಸಾಲದ ಹಣವನ್ನೇ ಎತ್ತಿ ಅದಕ್ಕೆ ಕಟ್ಟಿದವರಿದ್ದಾರೆ. ಆಮೇಲೆ ನಾಟಿಯ ಯಂತ್ರಕ್ಕೆ ಬಾಡಿಗೆ ಕೊಡಲು ಕೈಸಾಲ. ಗಡುವಿನೊಳಗೆ ಬೆಳೆ ಸಾಲ ತೀರದೆ ಬಡ್ಡಿ ವಿನಾಯಿತಿಯೂ ಹೋಯಿತು. ಹೀಗೆ ಕುತ್ತಿಗೆಗೆ ಬಂದದ್ದು ಭತ್ತದ ಬೆಲೆಯಿಂದಲ್ಲ, ಮಳೆಯಿಂದಲೂ ಅಲ್ಲ. ಎರಡು ಕಿಲೋಮೀಟರಿನ ಓಡಾಟಕ್ಕೆಂದು ತಂದ ಗಾಡಿಯಿಂದ. ಎರಡನೇ ಗಾಡಿ ಬೇಕೆನಿಸಿದಾಗ ಅದರ ಬದಲು ಸೈಕಲ್ಲೊಂದನ್ನು ತಂದು ಮೂರು ತಿಂಗಳು ನೋಡಿ. ಆ ಮೇಲೂ ಬೇಕೆನಿಸಿದರೆ ಕೊಳ್ಳಬಹುದು, ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ವಿದ್ಯುತ್ ಸ್ಕೂಟರಿನ ಮಾತು ತೆಗೆಯುವವರಿಗೂ ಇದೇ ಉತ್ತರ. ಅದರ ಓಡಾಟದ ಖರ್ಚು ಕಡಿಮೆ ನಿಜ, ಆದರೆ ಕಂತು ಕಂತೇ.

ಹದಿನೆಂಟು ತುಂಬದ ಮಗನ ಕೈಗೆ ಗಾಡಿ ಕೊಟ್ಟು ಡೈರಿಗೆ ಕಳುಹಿಸುವ ಅಭ್ಯಾಸವೂ ನಮ್ಮಲ್ಲಿ ಬೆಳೆದಿದೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವಾದರೆ ಹೊಣೆ ಪೋಷಕರ ಅಥವಾ ಗಾಡಿಯ ಮಾಲೀಕರ ಮೇಲೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ದಂಡದ ಮಾತು ಬಿಡಿ, ಆ ಹುಡುಗ ಹಾಲಿನ ಕ್ಯಾನಿನೊಂದಿಗೆ ಹೆದ್ದಾರಿ ದಾಟುವುದನ್ನು ಒಮ್ಮೆ ನಿಂತು ನೋಡಿದರೆ ಎದೆ ಝಲ್ಲೆನ್ನುತ್ತದೆ.

ನಾಲ್ಕು ಜನ ಏನೆಂದಾರು?

ಲೆಕ್ಕವನ್ನೆಲ್ಲ ಒಪ್ಪಿದ ಮೇಲೂ ಸೈಕಲ್ಲು ಹತ್ತದಿರಲು ನಿಜವಾದ ಕಾರಣ ಇದು. ನಾನು ಮೊದಲ ಸಲ ಸೈಕಲ್ಲಿನಲ್ಲಿ ಹೋದ ದಿನ ಅಂಗಡಿ ಕಟ್ಟೆಯ ಮೇಲಿಂದ ಬಂದ ಪ್ರಶ್ನೆ, "ಹ್ವಾಯ್, ಗಾಡಿ ಹಾಳಾಯ್ತಾ ಮಾರಾಯ್ರೆ?" ಮರುದಿನವೂ ಅದೇ ಪ್ರಶ್ನೆ. ಮೂರನೆಯ ದಿನ ಒಬ್ಬರು ಮೆಲ್ಲನೆ ಹತ್ತಿರ ಬಂದು ಏನಾದರೂ ತೊಂದರೆಯಲ್ಲಿದ್ದೀರಾ, ಕೈಸಾಲ ಬೇಕೇ ಎಂದು ವಿಚಾರಿಸಿದರು. ಅವರ ಒಳ್ಳೆಯತನಕ್ಕೆ ನಮಸ್ಕಾರ. ಹದಿನೈದು ದಿನ ಕಳೆದ ಮೇಲೆ ಯಾರೂ ಕೇಳಲಿಲ್ಲ. ನಾಚಿಕೆಯ ಆಯುಸ್ಸು ಅಷ್ಟೇ.

ಸೈಕಲ್ಲು ಬಡವರ ಗುರುತು ಎಂಬ ಭಾವನೆ ತೀರ ಇತ್ತೀಚಿನದು. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಗ್ರಾಮಸೇವಕರ ವಾಹನ ಸೈಕಲ್ಲೇ ಆಗಿತ್ತು. ಆಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಅದೇ ಮದ್ರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ ಕಾರ್ಖಾನೆ 1949ರಲ್ಲಿ ಸ್ಥಾಪನೆಯಾಗಿತ್ತು. ಮದುವೆಯಲ್ಲಿ ಅಳಿಯನಿಗೆ ಸೈಕಲ್ಲು ಕೊಡುವುದು ದೊಡ್ಡಸ್ತಿಕೆ ಎನಿಸಿದ್ದ ಕಾಲ ಅದು. ರಬ್ಬರು ಹಾರನ್ನು ಒತ್ತುತ್ತ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಸೈಕಲ್ಲು ಬಾಗಿಲಿಗೆ ಬಾರದೆ ಕರಾವಳಿಯ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲ.

ಹೊರದೇಶದ ಸಂಗತಿಯೂ ಹೀಗೆಯೇ. 1973ರಲ್ಲಿ ಅರಬ್ ದೇಶಗಳು ಎಣ್ಣೆ ತಡೆಹಿಡಿದಾಗ ಹಾಲೆಂಡಿನ ಸರಕಾರ ಆ ವರ್ಷದ ನವೆಂಬರ್ 4ರಿಂದ ಕೆಲವು ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಿತು. ಮುಂದೆ ಆ ದೇಶ ಊರೂರಿಗೆ ಸೈಕಲ್ ದಾರಿ ಕಟ್ಟಿಸುತ್ತ ಬಂತು. ಇಂದು ಅಲ್ಲಿ ಜನರಿಗಿಂತ ಸೈಕಲ್ಲುಗಳ ಸಂಖ್ಯೆಯೇ ಹೆಚ್ಚು, ನಮಗಿಂತ ಎಷ್ಟೋ ಪಾಲು ಶ್ರೀಮಂತರು ಅವರು. ಕೊಳ್ಳುವ ಶಕ್ತಿ ಇಲ್ಲದೆ ಅವರು ಸೈಕಲ್ಲು ತುಳಿಯುತ್ತಿಲ್ಲ.

ಹೆಂಗಸರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಸೈಕಲ್ಲಿನಿಂದ ಹೆಚ್ಚಿನ ಪ್ರಯೋಜನ ಅವರಿಗೆ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಮೊದಲ ವರ್ಷಗಳಲ್ಲಿ ಸಾಕ್ಷರತಾ ಆಂದೋಲನದವರು ಓದು ಬರಹದ ಜತೆಗೆ ಹಳ್ಳಿಯ ಹೆಂಗಸರಿಗೆ ಸೈಕಲ್ಲು ಬಿಡುವುದನ್ನೂ ಕಲಿಸಿದರು. ಗದ್ದೆ ಕೂಲಿಯವರು, ಕಲ್ಲುಕೋರೆಯಲ್ಲಿ ದುಡಿಯುವವರು, ಅಂಗನವಾಡಿಯವರು ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತರು. ಬಸ್ಸಿಗೆ ಕಾಯುವ ಹೊತ್ತು ಉಳಿಯಿತು, ಒಂದು ಹಳ್ಳಿಯಲ್ಲಿ ಮಾರುತ್ತಿದ್ದ ತರಕಾರಿಯನ್ನು ನಾಲ್ಕು ಹಳ್ಳಿಗೆ ಒಯ್ದು ಮಾರಲು ಸಾಧ್ಯವಾಯಿತು. ನಮ್ಮಲ್ಲಿ 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಆದರೆ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಸರಕಾರಿ ಬಸ್ಸು ಬೇಕಾದರೆ ಹೆದ್ದಾರಿಗೆ ಬರಬೇಕು. ಆ ಎರಡು ಮೂರು ಕಿಲೋಮೀಟರು ರಿಕ್ಷಾಕ್ಕೆ ಕೊಡುವ ಹಣದಲ್ಲಿ ಪುಕ್ಕಟೆ ಪಯಣದ ಲಾಭವೇ ಕರಗುತ್ತದೆ. ಸೈಕಲ್ಲಿನಲ್ಲಿ ಬಂದು ಪರಿಚಯದ ಅಂಗಡಿಯ ಬದಿಗಿಟ್ಟು ಬಸ್ಸು ಹತ್ತಬಹುದು. ಹೆಮ್ಮಾಡಿಯ ಸೇವಂತಿಗೆ ಬೆಳೆಯುವ ಒಬ್ಬ ಅಕ್ಕ ನನಗೆ ಹೇಳಿದ ಮಾತು: "ಶಾಲಿಗ್ ಹೋಪತಿಗೆ ಸೈಕಲ್ ಬಿಡ್ತಿದ್ದೆ, ಮದಿ ಆದ್ಮೇಲೆ ಯಾಕ್ ಬಿಟ್ಟೆ ಅಂದೇ ನೆಂಪಿಲ್ಲ." ಸೀರೆಗೆ ತೊಡಕಾಗದ ಇಳಿಬಾರಿನ ಲೇಡೀಸ್ ಸೈಕಲ್ಲು ಅದೇ ಬೆಲೆಗೆ ಸಿಗುತ್ತದೆ. ಚೈನಿಗೆ ಮುಚ್ಚಳ, ಹಿಂಚಕ್ರಕ್ಕೆ ಸೀರೆ ಜಾಲರಿ ಇರುವುದನ್ನೇ ನೋಡಿ ಕೊಳ್ಳತಕ್ಕದ್ದು.

ಏರು, ಮಳೆ ಮತ್ತು ಹೆದ್ದಾರಿ

ಬ್ರಹ್ಮಾವರದಿಂದ ಸಾಸ್ತಾನ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕೋಟೇಶ್ವರದವರೆಗೆ ನೆಲ ಸಪಾಟು. ಅಲ್ಲಿ ಸೈಕಲ್ಲು ತುಳಿಯಲು ಕಷ್ಟವಿಲ್ಲ. ಹಾಲಾಡಿಯ ಕಡೆಯ ರೈತರೊಬ್ಬರು ನನಗೆ ಇದನ್ನೇ ಎತ್ತಿ ಹೇಳಿದರು, ನಿಮ್ಮ ಕೋಟದ ಲೆಕ್ಕ ನಮ್ಮ ದರೆಗೆ ಬರುವುದಿಲ್ಲ ಎಂದು. ಮಾತು ಸರಿಯೇ. ಸಿದ್ದಾಪುರ, ಶಂಕರನಾರಾಯಣ, ಗೋಳಿಹೊಳೆಯ ಕಡೆ ಮುರಕಲ್ಲಿನ ಏರುಗಳು ಒಂದರ ಹಿಂದೊಂದು. ಅಂಥ ಕಡೆಗೆ ಒಂದು ಸುಲಭ ಉಪಾಯ ಇದೆ, ಹೆಚ್ಚಿನವರಿಗೆ ತಿಳಿಯದು. ಸಾದಾ ಸೈಕಲ್ಲಿನ ಹಿಂಚಕ್ರದ ಫ್ರೀವೀಲಿಗೆ ಸಾಮಾನ್ಯವಾಗಿ 18 ಹಲ್ಲುಗಳಿರುತ್ತವೆ. ಅದನ್ನು ತೆಗೆಸಿ 22 ಹಲ್ಲಿನದನ್ನು ಹಾಕಿಸಿದರೆ ಏರಿನಲ್ಲಿ ತುಳಿತದ ಭಾರ ಐದರಲ್ಲೊಂದು ಪಾಲಿನಷ್ಟು ಇಳಿಯುತ್ತದೆ. ಸಪಾಟು ದಾರಿಯಲ್ಲಿ ವೇಗ ಸ್ವಲ್ಪ ಕಡಿಮೆಯಾದೀತು. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. ಖರ್ಚು ಕೆಲವು ನೂರು ರೂಪಾಯಿಯೊಳಗೆ. ದುಬಾರಿ ಗೇರ್ ಸೈಕಲ್ಲಿನ ಆಸೆ ಬೇಡ, ಅದರ ಸೂಕ್ಷ್ಮ ಭಾಗಗಳು ನಮ್ಮ ಉಪ್ಪುಗಾಳಿಗೆ, ಕೆಸರಿಗೆ ಬಾಳುವುದು ಕಷ್ಟ. ಅಷ್ಟಾದ ಮೇಲೂ ಒತ್ತಿನೆಣೆಯಂಥ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗಿ. ಇಳಿಜಾರಿನಲ್ಲಿ ಅದು ನಿಮ್ಮನ್ನು ಹೊರುತ್ತದೆ.

ಸೀಟಿನ ಎತ್ತರದ ಬಗ್ಗೆ ಒಂದು ಮಾತು. ಮೊಣಕಾಲು ನೋವೆಂದು ಸೈಕಲ್ಲು ಬಿಟ್ಟವರಲ್ಲಿ ಅನೇಕರದು ಸೀಟು ತಗ್ಗಾದ ದೋಷ. ಸೀಟಿನಲ್ಲಿ ಕುಳಿತು, ಪೆಡಲು ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ಬೇಕಾದಷ್ಟೇ ಬಾಗುತ್ತದೆ. ಒಂದು ಸ್ಪ್ಯಾನರಿನ ಕೆಲಸ, ದುಡ್ಡು ಬೇಡ. ಸರಿಯಾಗಿ ಕೂತು ತುಳಿದರೆ ಒಂದೇ ದೂರವನ್ನು ನಡೆಯಲು ಬೇಕಾಗುವ ಶಕ್ತಿಯ ಸುಮಾರು ಐದರಲ್ಲೊಂದು ಪಾಲಿನಲ್ಲಿ ಸೈಕಲ್ಲಿನಲ್ಲಿ ಹೋಗಬಹುದು. ಎರಡು ಕಿಲೋಮೀಟರಿಗೆ ಹತ್ತು ನಿಮಿಷ ಸಾಕು. ಗಾಡಿಗಿಂತ ಐದಾರು ನಿಮಿಷ ಹೆಚ್ಚು, ಅಷ್ಟು ಹೊತ್ತು ಡೈರಿಯ ಬಾಗಿಲಿನಲ್ಲಿ ಮಾತಿಗೇ ಹೋಗುತ್ತದೆ.

ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ಲು ಬಿಡುವುದು ಕೂಡದು. ಗಾಳಿ ಕೊಡೆಯನ್ನು ಎಳೆದರೆ ತೋಡಿಗೇ ಬೀಳಬೇಕು. ರೈನ್‌ಕೋಟು ಹಾಕಿ. ಒದ್ದೆಯಾದ ಉಕ್ಕಿನ ರಿಮ್ಮಿಗೆ ಬ್ರೇಕು ಬೇಗ ಹಿಡಿಯುವುದಿಲ್ಲ. ಆದುದರಿಂದ ಇಳಿಜಾರಿಗೆ ಮೊದಲೇ ಬ್ರೇಕನ್ನು ಮೆಲ್ಲಗೆ ಒತ್ತಿ ರಿಮ್ಮಿನ ನೀರು ಒರೆಸಿಕೊಂಡು ಹೋಗಬೇಕು. ಆಷಾಢದಲ್ಲಿ ಪಾಚಿ ಕಟ್ಟಿದ ಕಾಂಕ್ರೀಟು ರಸ್ತೆಯ ತಿರುವಿನಲ್ಲಿ ಇಳಿದು ನಡೆಯುವುದೇ ಜಾಣತನ.

ನಾಲ್ಕು ಪಥವಾದ ಹೆದ್ದಾರಿ 66 ಸೈಕಲ್ಲಿನವರಿಗೆ ಸ್ನೇಹಿತನಲ್ಲ. ಸರ್ವೀಸ್ ರಸ್ತೆ ಇರುವ ಕಡೆ ಅದರಲ್ಲೇ ಹೋಗಿ. ಸುತ್ತಾಗುತ್ತದೆಂದು ಎದುರು ದಿಕ್ಕಿನಲ್ಲಿ ಬರಬೇಡಿ. ದಾಟುವಾಗ ಇಳಿದು, ತಳ್ಳಿಕೊಂಡು, ಎರಡು ಬಾರಿ ನೋಡಿ ದಾಟಿ. ಹಿಂದೆ ಕೆಂಪು ರಿಫ್ಲೆಕ್ಟರು, ಮುಂದೆ ದೀಪ ಇಲ್ಲದೆ ಕತ್ತಲಾದ ಮೇಲೆ ಹೊರಡಕೂಡದು. ಡೈರಿಗೆ ಹೋಗಲು ಹೆದ್ದಾರಿಯಲ್ಲೇ ಒಂದು ಕಿಲೋಮೀಟರು ಸಾಗಬೇಕಾದ ಮನೆಯವರಿಗೆ ನಾನು ಸೈಕಲ್ಲಿನ ಒತ್ತಾಯ ಮಾಡುವುದಿಲ್ಲ. ನೆರೆಯ ಮೂರು ನಾಲ್ಕು ಮನೆಯವರು ಕೂಡಿ, ಒಬ್ಬರ ಗಾಡಿಯಲ್ಲಿ ಎಲ್ಲರ ಕ್ಯಾನುಗಳನ್ನು ಸರದಿಯಂತೆ ಕಳುಹಿಸಿದರೂ ಲೆಕ್ಕ ಅಷ್ಟೇ ಇಳಿಯುತ್ತದೆ. 45 ಕಿಲೋದ ಯೂರಿಯಾ ಮೂಟೆಗೂ ಇದೇ ಮಾತು. ಅದನ್ನು ಕ್ಯಾರಿಯರಿಗೆ ಕಟ್ಟಿ ತುಳಿಯುವ ಸಾಹಸ ಬೇಡ. ಹತ್ತು ಹದಿನೈದು ಕಿಲೋವರೆಗಿನ ಸಾಮಾನು, ಎರಡು ಬದಿಗೂ ಸಮನಾಗಿ ತೂಗುಹಾಕಿದ ಕ್ಯಾನುಗಳು, ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದ ಬುಟ್ಟಿ, ಇಷ್ಟು ಸರಿ.

ಸೈಕಲ್ಲಿನ ಆರೈಕೆ

ಹಿಂದೆ ಪ್ರತಿಯೊಂದು ಕೂಡುರಸ್ತೆಯಲ್ಲೂ ಸೈಕಲ್ ಶಾಪು ಇರುತ್ತಿತ್ತು, ಗಂಟೆಯ ಬಾಡಿಗೆಗೂ ಸೈಕಲ್ಲು ಸಿಗುತ್ತಿತ್ತು. ಈಗ ಅವು ವಿರಳ. ಪಂಕ್ಚರಾದ ಸೈಕಲ್ಲನ್ನು ನಾಲ್ಕು ಮೈಲಿ ತಳ್ಳಬೇಕಾಗಿ ಬಂದವನು ಮರುದಿನ ಬೈಕಿಗೇ ಕೈ ಹಾಕುತ್ತಾನೆ. ಆದುದರಿಂದ ಸೈಕಲ್ಲು ಕೊಂಡ ದಿನವೇ ಒಂದು ಪಂಪು, ಎರಡು ಟೈರ್ ಮೀಟು, ಪ್ಯಾಚು, ಸೊಲ್ಯೂಶನ್ನು ಕೊಳ್ಳಿ. ಎಲ್ಲ ಸೇರಿ ಮೂರು ನಾಲ್ಕು ನೂರು ರೂಪಾಯಿ ಆದೀತು.

ನಮ್ಮ ಕಡೆ ಸೈಕಲ್ಲಿನ ಶತ್ರು ಉಪ್ಪುಗಾಳಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಸುಮಾರಿಗೆ ಸುರಿಯುವ ಮಳೆ ಅದಕ್ಕೆ ಜತೆ. ಮರವಂತೆ, ತ್ರಾಸಿಯಂಥ ಸಮುದ್ರದ ಬದಿಯ ಊರುಗಳಲ್ಲಿ ಹೊಸ ಚೈನು ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತದೆ. ವಾರಕ್ಕೊಮ್ಮೆ ಡೀಸೆಲ್ ಅದ್ದಿದ ಬಟ್ಟೆಯಿಂದ ಚೈನನ್ನು ಒರೆಸಿ, ಒಣಗಿದ ಮೇಲೆ ಕೊಂಡಿ ಕೊಂಡಿಗೂ ಮೆಷಿನ್ ಎಣ್ಣೆಯ ಒಂದೊಂದು ಹನಿ ಬಿಟ್ಟು, ಹೆಚ್ಚಾದುದನ್ನು ಒರೆಸಿ ತೆಗೆಯಿರಿ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಹಚ್ಚಬೇಡಿ. ಅದು ಧೂಳು ಹಿಡಿದು ಅಂಟಾಗಿ ಚೈನು ಬಿಗಿಯುತ್ತದೆ. ಎಣ್ಣೆ ರಿಮ್ಮಿಗೂ ಬ್ರೇಕಿನ ರಬ್ಬರಿಗೂ ತಾಗದಂತೆ ಎಚ್ಚರ. ಮಳೆಗಾಲ ಮುಗಿದ ಮೇಲೆ ಒಮ್ಮೆ ಚಕ್ರದ ಮತ್ತು ಪೆಡಲಿನ ಗುಂಡುಗಳನ್ನು ಬಿಚ್ಚಿಸಿ ಹೊಸ ಗ್ರೀಸು ಹಾಕಿಸಬೇಕು.

ಪಂಕ್ಚರು ಹಾಕುವುದು ಕಸಿ ಕಟ್ಟಿದಷ್ಟೇ ಸುಲಭ, ತಾಳ್ಮೆ ಮಾತ್ರ ಬೇಕು. ಟೈರಿನ ಒಂದು ಅಂಚನ್ನು ಮೀಟಿ ಹೊರತೆಗೆದು ಟ್ಯೂಬನ್ನು ಎಳೆದುಕೊಳ್ಳಿ. ಸ್ವಲ್ಪ ಗಾಳಿ ತುಂಬಿ ಬಕೆಟಿನ ನೀರಿನಲ್ಲಿ ಮುಳುಗಿಸಿದರೆ ತೂತಿನ ಜಾಗದಲ್ಲಿ ಗುಳ್ಳೆ ಏಳುತ್ತದೆ. ಗುರುತು ಮಾಡಿ, ಗಾಳಿ ಬಿಟ್ಟು, ಒರೆಸಿ, ಮರಳು ಕಾಗದದಿಂದ ಆ ಜಾಗವನ್ನು ಒರಟು ಮಾಡಿ. ಸೊಲ್ಯೂಶನ್ನನ್ನು ಪ್ಯಾಚಿಗಿಂತ ಅಗಲಕ್ಕೆ ತೆಳ್ಳಗೆ ಹಚ್ಚಿ ಐದು ನಿಮಿಷ ಬಿಡಿ. ಎಲ್ಲರೂ ತಪ್ಪುವುದು ಇಲ್ಲೇ. ಹಸಿಯಿರುವಾಗಲೇ ಅಂಟಿಸಿದರೆ ಮರುದಿನ ಏಳುತ್ತದೆ. ಬೆರಳಿಗೆ ಒದ್ದೆ ಹತ್ತದಂತಾದ ಮೇಲೆ ಪ್ಯಾಚಿಟ್ಟು ಬಲವಾಗಿ ಒತ್ತಬೇಕು. ಟ್ಯೂಬು ಒಳಗೆ ಸೇರಿಸುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ತಡವಿ ನೋಡಿ. ಮುಳ್ಳು ಅಲ್ಲೇ ಉಳಿದಿದ್ದರೆ ಇಷ್ಟೂ ಶ್ರಮ ವ್ಯರ್ಥ.

ಕೊನೆಗೆ ಒಂದು ಕೋರಿಕೆ. ಜಗಲಿಯ ಗೋಡೆಯಲ್ಲಿರುವ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ದಿನದ ಚೌಕದೊಳಗೆ ಗಾಡಿ ಎಷ್ಟು ಸಲ ಹೊರಟಿತು, ಎಷ್ಟು ಕಿಲೋಮೀಟರು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ನಾಲ್ಕು ಕಿಲೋಮೀಟರೊಳಗಿನ ಓಡಾಟಕ್ಕೆ ಸುತ್ತು ಗುರುತು ಹಾಕಿ. ಬರೆಯುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ಒಪ್ಪಿಸಿದರೆ ಅವರು ತಪ್ಪದೆ ಬರೆಯುತ್ತಾರೆ, ತಂದೆಯ ಓಡಾಟವನ್ನಂತೂ ಇನ್ನೂ ಉತ್ಸಾಹದಿಂದ! ತಿಂಗಳು ತುಂಬಿದ ಮೇಲೆ ಆ ಹಾಳೆಯನ್ನು ಹರಿದು ಕಿಸೆಯಲ್ಲಿಟ್ಟುಕೊಳ್ಳಿ. ನಾನು ಡೈರಿಯ ಬಳಿ ಸಿಕ್ಕಿದಾಗ ಅಲ್ಲೇ ಕಟ್ಟೆಯ ಮೇಲೆ ಕೂತು ನಿಮ್ಮ ಮನೆಯ ಲೆಕ್ಕವನ್ನು ಕೂಡಿ ನೋಡೋಣ.